ಒಕ್ಕದವರನ್ನೆಲ್ಲ ಒಂದೇ ಚಾಟ್‌ಗೆ ಸೇರಿಸುವುದು ಹೇಗೆ?

ಒಕ್ಕ ಎಂದರೆ ನಮ್ಮ ಕೊಡಗಿನಲ್ಲಿ ಒಂದೇ ಮನೆತನದವರು. ಕಳೆದ ಹುತ್ತರಿಗೆ (ನಮ್ಮ ಸುಗ್ಗಿ ಹಬ್ಬ) ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ಮುಹೂರ್ತ ನಿಗದಿಯಾದಾಗ, ನೆರೆ (ಪೂಜೆಯ ಎಲೆಗಳ ಕಟ್ಟು) ಕಟ್ಟುವ, ಕದಿರು ತೆಗೆಯುವ ಹೊತ್ತನ್ನು ನಾನು ಮೂರು ಸಲ ಟೈಪ್ ಮಾಡಬೇಕಾಯಿತು. ಹಿರಿಯರಿರುವುದು ವಾಟ್ಸ್‌ಆ್ಯಪ್‌ನಲ್ಲಿ, ಬೆಂಗಳೂರಿನ ಹುಡುಗರು ಟೆಲಿಗ್ರಾಂನಲ್ಲಿ, ಹೊರದೇಶದ ಅಣ್ಣ ಸಿಗ್ನಲ್‌ನಲ್ಲಿ. ಮೂರನೆಯ ಸಲ ಒಂದು ಗಂಟೆ ತಪ್ಪಾಗಿ ಬರೆದೆ. ಅಣ್ಣ ವಿಡಿಯೊ ಕರೆಗೆ ಬರುವಷ್ಟರಲ್ಲಿ ‘ಪೊಲಿ ಪೊಲಿ ದೇವಾ’ ಎಂಬ ಕೂಗು ಮುಗಿದು ಕದಿರು ಐನ್‌ಮನೆಯೊಳಗೆ (ಒಕ್ಕದ ಮೂಲಮನೆ) ಬಂದಾಗಿತ್ತು.

ಕಂಪನಿ ಬೇರೆಯಾದರೂ ಜಿಮೇಲ್‌ನಿಂದ ಯಾಹೂಗೆ ಪತ್ರ ಹೋಗುತ್ತದೆ. ಚಾಟ್‌ಗೂ ಅಂಥ ಸಾಮಾನ್ಯ ನಿಯಮವೊಂದು 1999ರಿಂದಲೇ ಇದೆ: ಜಾಬರ್ ಎಂದು ಶುರುವಾದ ಎಕ್ಸ್‌ಎಂಪಿಪಿ. 2005ರಲ್ಲಿ ಬಂದ ಗೂಗಲ್ ಟಾಕ್ ಇದನ್ನೇ ಬಳಸುತ್ತಿತ್ತು. 2013ರಲ್ಲಿ ಹ್ಯಾಂಗೌಟ್ಸ್ ತಂದ ಗೂಗಲ್ ಈ ದಾರಿ ಬಿಟ್ಟಿತು. ವಾಟ್ಸ್‌ಆ್ಯಪ್ ಶುರುವಾದದ್ದೂ ಇದನ್ನೇ ತಿದ್ದಿಕೊಂಡು, ಆದರೆ ಸುತ್ತ ಬೇಲಿ ಹಾಕಿಕೊಂಡು. (ಮ್ಯಾಟ್ರಿಕ್ಸ್ ಎಂಬ ಇನ್ನೊಂದು ಮುಕ್ತ ಜಾಲವೂ ಇದೆ. ಅದರ ಹೆಸರಾಂತ ಆ್ಯಪ್ ಎಲಿಮೆಂಟ್, 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಿರ್ಬಂಧಿಸಿದ 14 ಆ್ಯಪ್‌ಗಳಲ್ಲಿ ಸೇರಿತ್ತು. ಹಾಗಾಗಿ ಇಲ್ಲಿ ಎಕ್ಸ್‌ಎಂಪಿಪಿಯನ್ನೇ ಹೇಳುತ್ತೇನೆ.)

ಮೊದಲು ಆ್ಯಪ್. ಆಂಡ್ರಾಯ್ಡ್‌ಗೆ ಕಾನ್ವರ್ಸೇಷನ್ಸ್, ಐಫೋನಿಗೆ ಮೋನಲ್. ಎರಡೂ ಓಪನ್ ಸೋರ್ಸ್. ಓಪನ್ ಸೋರ್ಸ್ ಆ್ಯಪ್‌ಗಳ ಸ್ಟೋರ್ ಆದ ಎಫ್-ಡ್ರಾಯ್ಡ್‌ನಲ್ಲಿ ಕಾನ್ವರ್ಸೇಷನ್ಸ್ ಉಚಿತ.

ಆಮೇಲೆ ಯಾವುದಾದರೂ ಸಾರ್ವಜನಿಕ ಸರ್ವರ್‌ನಲ್ಲಿ ಖಾತೆ ತೆರೆಯಿರಿ. ವಿಳಾಸ ಇಮೇಲ್‌ನಂತೆಯೇ ಇರುತ್ತದೆ. ಎಲ್ಲರೂ ಒಂದೇ ಸರ್ವರ್‌ನಲ್ಲಿ ಇರಬೇಕೆಂದಿಲ್ಲ, ಇದರ ಗುಣವೇ ಅದು. ಮೊಬೈಲ್ ನಂಬರ್ ಕೊಡದೆ ತೆರೆದ ಖಾತೆಯ ಪಾಸ್‌ವರ್ಡ್ ಮರೆತರೆ ವಾಪಸ್ ಸಿಗುವುದು ಕಷ್ಟ, ಡೈರಿಯಲ್ಲಿ ಬರೆದಿಡಿ. ಸಂದೇಶ ಎಷ್ಟು ದಿನ ಕಾದಿರುತ್ತದೆ ಎಂಬ ಆ ಸರ್ವರ್‌ನ ನಿಯಮವನ್ನೂ ಓದಿ. ಮಳೆಗಾಲದಲ್ಲಿ ಕರೆಂಟೂ ಟವರೂ ದಿನಗಟ್ಟಲೆ ಇಲ್ಲವಾಗುವ ನಮ್ಮಲ್ಲಿ ಇದು ಮುಖ್ಯ.

ಬೀಗದ ವಿಷಯಕ್ಕೆ ಬರೋಣ. ಸಂದೇಶ ಬರೆಯುವಾಗ ಬೀಗದ ಚಿತ್ರ ಒತ್ತಿ, ಓಮೆಮೊ (ನಿಮ್ಮ, ನಿಮ್ಮವರ ಫೋನಿನಲ್ಲಿರುವ ಕೀಲಿಯಿಂದಷ್ಟೇ ಸಂದೇಶ ತೆರೆಯುವ ಗೂಢಲಿಪಿ) ಚಾಲೂ ಇದೆಯೇ ನೋಡಿ. ಇದ್ದರೆ ಸರ್ವರ್ ನಡೆಸುವವರಿಗೂ ನಿಮ್ಮ ಮಾತು ಓದಲಾಗದು. ಆದರೆ ಯಾರು ಯಾರಿಗೆ ಯಾವಾಗ ಕಳಿಸಿದರೆಂಬುದು ಅವರಿಗೆ ಕಾಣುತ್ತದೆ. ಆಚೆ ಕಡೆ ಇರುವ ಕೀಲಿ ನಿಜಕ್ಕೂ ನಿಮ್ಮವರದೇ? ಎದುರಿಗಿದ್ದರೆ ಒಬ್ಬರ ಕ್ಯೂಆರ್ ಕೋಡ್ ಇನ್ನೊಬ್ಬರು ಸ್ಕ್ಯಾನ್ ಮಾಡಿ. ನಾನೂ ಅಣ್ಣನೂ ವಿಡಿಯೊ ಕರೆಯಲ್ಲಿ, ಕೀಲಿಯ ಗುರುತಾಗಿ ಆ್ಯಪ್ ತೋರಿಸುವ ಎಂಟೆಂಟು ಅಂಕಿ-ಅಕ್ಷರಗಳ ಎಂಟು ಗುಂಪುಗಳನ್ನು ಒಬ್ಬರಿಗೊಬ್ಬರು ಓದಿ ತಾಳೆ ನೋಡಿದೆವು. ಬೇಸರದ ಕೆಲಸ, ಆದರೂ ಬಿಡಬೇಡಿ.

ಒಕ್ಕದ ಗ್ರೂಪನ್ನು ಖಾಸಗಿ ಗ್ರೂಪ್ ಆಗಿಯೇ ಮಾಡಿ. ಸಾರ್ವಜನಿಕ ಚಾನೆಲ್‌ನಲ್ಲಿ ಈ ಬೀಗ ಇರುವುದಿಲ್ಲ. ಹಳೆಯ ಸಂದೇಶ ತೆರೆಯುವ ಕೀಲಿ ಇರುವುದು ಫೋನಿನಲ್ಲೇ. ಫೋನ್ ಬದಲಿಸುವ ಮುಂಚೆ ಬ್ಯಾಕಪ್ ತೆಗೆದುಕೊಳ್ಳಿ.

ವಾಟ್ಸ್‌ಆ್ಯಪ್ ತೆಗೆದುಹಾಕಿ ಎಂದು ಯಾರಿಗೂ ಒತ್ತಾಯ ಬೇಡ, ಜೊತೆಗೆ ಇದೂ ಇರಲಿ. ಸದ್ಯ ನಮ್ಮ ಗ್ರೂಪಿನಲ್ಲಿ ಅಣ್ಣ, ನಾನು, ಬೆಂಗಳೂರಿನ ಇಬ್ಬರು ಹುಡುಗರು ಇದ್ದೇವೆ. ಹಿರಿಯರ ಫೋನುಗಳಿಗೆ ಈ ಹುತ್ತರಿಯಂದು ಐನ್‌ಮನೆಯ ಕೈಯಾಲೆಯಲ್ಲಿ (ಜಗಲಿಯಲ್ಲಿ) ಕೂತು ನಾನೇ ಹಾಕಿಕೊಡುತ್ತೇನೆ.