ಒಂದೇ ಸಂಖ್ಯೆ, ಅರ್ಧ ಜಾಗ: ಲ್ಯಾಬಿಗೆ ಡಿಸ್ಕ್ ಕೋಟಾ ಹಾಕಿದ ನನ್ನ ಅನುಭವ

ಶಿರಸಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಯಾರಿಗೂ ಲಾಗಿನ್ ಆಗಲಿಲ್ಲ. ನೋಡಿದರೆ ಎಲ್ಲರ ಫೈಲುಗಳು ಇರುವ, ಸರ್ವರಿನ ಹೋಮ್ ಡಿಸ್ಕ್ ಪೂರ್ತಿ ತುಂಬಿತ್ತು. ಲಾಗಿನ್ ಆಗುವಾಗ ಬರೆಯಬೇಕಾದ ಸಣ್ಣ ಫೈಲಿಗೂ ಜಾಗ ಇರಲಿಲ್ಲ. ಒಬ್ಬ ಹುಡುಗ ಇಡೀ ರಾತ್ರಿ ಯಕ್ಷಗಾನದ ವಿಡಿಯೋಗಳನ್ನು ಅಲ್ಲಿ ತಂದಿಟ್ಟಿದ್ದ. ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಎಷ್ಟು ಇಡಬಹುದು ಅಂತ ನಾವು ಹೇಳಿಯೇ ಇರಲಿಲ್ಲ, ಅಲ್ವಾ?

ಅವತ್ತೇ ಕೋಟಾ, ಅಂದರೆ ಒಬ್ಬೊಬ್ಬರಿಗೆ ಇಷ್ಟೇ ಜಾಗ ಎಂಬ ಮಿತಿ, ಹಾಕಲು ಕೂತೆ. ಕೋಟಾದಲ್ಲಿ ಎರಡು ಮಿತಿ ಇರುತ್ತವೆ. ಸಾಫ್ಟ್ ಮಿತಿ ದಾಟಿದರೆ ಜಾಗ ಖಾಲಿ ಮಾಡಲು ಗಡುವು ಶುರುವಾಗುತ್ತದೆ, ಸಾಮಾನ್ಯವಾಗಿ 7 ದಿನ. ಹಾರ್ಡ್ ಮಿತಿ ದಾಟಲು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬಿಡುವುದೇ ಇಲ್ಲ. ಫೈಲುಗಳ ಸಂಖ್ಯೆಗೂ ಹೀಗೇ ಬೇರೆ ಮಿತಿ ಇದೆ.

ನಮ್ಮಲ್ಲಿ ಎರಡು ಸರ್ವರ್. ಒಂದರಲ್ಲಿ ಲಿನಕ್ಸ್, ಇನ್ನೊಂದು ಹಳೆಯದರಲ್ಲಿ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್. ಎರಡರಲ್ಲೂ ಈ ಕೆಲಸಕ್ಕೆ ಕ್ವೋಟಾಸಿಟಿಎಲ್ ಎಂಬ ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಸಲ್ಲಿಸುವ ಕೋರಿಕೆ) ಇದೆ. ಹೆಸರು ಒಂದೇ ಇದೆ ಅಂತ ಸಿ ಭಾಷೆಯಲ್ಲಿ ನಾನೇ ಪ್ರೋಗ್ರಾಂ ಬರೆದೆ. ಲಿನಕ್ಸ್ ಡಿಸ್ಕಿನ ಡಿವೈಸ್ ಹೆಸರು ಕೇಳುತ್ತದೆ, ಫ್ರೀಬಿಎಸ್‌ಡಿ ಫೋಲ್ಡರಿನ ಪಾತ್ (ವಿಳಾಸ) ಕೇಳುತ್ತದೆ. ಇದು ಬೇಗ ಗೊತ್ತಾಯಿತು, ತಿದ್ದಿಕೊಂಡೆ.

ಗೊತ್ತಾಗದೆ ಉಳಿದದ್ದು ಅಳತೆ. ಲಿನಕ್ಸಿನಲ್ಲಿ ಮಿತಿಯ ಲೆಕ್ಕ 1024 ಬೈಟಿನ ಬ್ಲಾಕಿನಲ್ಲಿ (ತುಂಡಿನಲ್ಲಿ). ಫ್ರೀಬಿಎಸ್‌ಡಿಯಲ್ಲಿ 512 ಬೈಟಿನ ಬ್ಲಾಕಿನಲ್ಲಿ. ನಾನು ಎರಡಕ್ಕೂ 20,97,152 ಅಂತ ಕೊಟ್ಟೆ. ಲಿನಕ್ಸಿನಲ್ಲಿ ಅದು 2 ಜಿಬಿ ಆಯಿತು, ಫ್ರೀಬಿಎಸ್‌ಡಿಯಲ್ಲಿ ಬರೀ 1 ಜಿಬಿ. ಯಾವ ಎರರ್ರೂ ಬರಲಿಲ್ಲ. ಕೊನೆ ವರ್ಷದವರ ಪ್ರಾಜೆಕ್ಟ್ ಫೈಲುಗಳೆಲ್ಲ ಇದ್ದದ್ದು ಅದೇ ಹಳೆಯ ಸರ್ವರಿನಲ್ಲಿ. ವರದಿ ಕೊಡುವ ಹಿಂದಿನ ದಿನ ಒಬ್ಬ ಹುಡುಗಿ ಬಂದು, "ಸರ್, 2 ಜಿಬಿ ಅಂದಿದ್ರಿ, 1ಕ್ಕೇ ಸೇವ್ ಆಗ್ತಾ ಇಲ್ಲ" ಅಂದಳು. ಅವಳ ಎರಡು ತಾಸಿನ ಕೆಲಸ ಹೋಗಿತ್ತು. ಅದು ನನಗೆ ಇವತ್ತಿಗೂ ಬೇಜಾರು. ಲಿನಕ್ಸಿನ ಒಳಗೇ ಇನ್ನೊಂದು ಗೊಂದಲ ಇದೆ: ಮಿತಿ ಬ್ಲಾಕಿನಲ್ಲಿ, ಬಳಸಿದ ಜಾಗ ಮಾತ್ರ ಬೈಟಿನಲ್ಲಿ. ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ತನ್ನದೇ ಕರೆಗಳಲ್ಲಿ ಮತ್ತೆ 512ರ ಲೆಕ್ಕ ಹಿಡಿಯುತ್ತದೆ.

ಆಮೇಲೆ ಪರ್ಲ್ ಭಾಷೆಯ ಕ್ವೋಟಾ ಎಂಬ ಮಾಡ್ಯೂಲಿಗೆ, ಅಂದರೆ ಸಿದ್ಧ ಲೈಬ್ರರಿಗೆ, ಬದಲಾದೆ. ಇದು ಪರ್ಲ್ ಮಾಡ್ಯೂಲುಗಳ ಭಂಡಾರವಾದ ಸಿಪ್ಯಾನ್‌ನಲ್ಲಿ ಸಿಗುತ್ತದೆ. ಪಾತ್ ಕೊಟ್ಟರೆ ಗೆಟ್‌ಕ್ಯೂಕಾರ್ಗ್ ಎಂಬ ಫಂಕ್ಷನ್ ಆ ಸಿಸ್ಟಮ್‌ಗೆ ಡಿವೈಸ್ ಬೇಕೋ ಪಾತ್ ಬೇಕೋ ನೋಡಿ ಸರಿಯಾದದ್ದನ್ನು ಕೊಡುತ್ತದೆ. ಅದನ್ನು ಕ್ವೆರಿ ಎಂಬ ಫಂಕ್ಷನ್‌ಗೆ ಕೊಟ್ಟರೆ ಬಳಕೆ, ಎರಡು ಮಿತಿ, ಗಡುವು ಎಲ್ಲ ಬರುತ್ತವೆ. ಜಾಗದ ಲೆಕ್ಕ ಎಲ್ಲಾ ಕಡೆ ಕೆಬಿಯಲ್ಲೇ. ಸೆಟ್‌ಕ್ಯೂಲಿಮ್ ಎಂಬ ಫಂಕ್ಷನ್‌ನಿಂದ ಮಿತಿ ಹಾಕಿದ ಕೂಡಲೇ ಕ್ವೆರಿಯಿಂದ ಓದಿ ಹೋಲಿಸುತ್ತೇನೆ. ಎರಡು ಸಂಖ್ಯೆ ಸರಿಹೋಗದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ.

ಲೈಬ್ರರಿ ಸರಿಮಾಡಲಾಗದ ವಿಷಯವೂ ಒಂದಿದೆ. ಮಳೆಗಾಲದಲ್ಲಿ ನಮ್ಮೂರಿನ ಕರೆಂಟು ನಿಮಗೆ ಗೊತ್ತೇ ಇದೆ. ಯುಪಿಎಸ್ ಬ್ಯಾಟರಿ ಮುಗಿದು ಸರ್ವರ್ ದಿಢೀರ್ ಆಫ್ ಆದರೆ ಹಳೆಯ ಬಗೆಯ ಕೋಟಾ ಫೈಲಿನ ಲೆಕ್ಕ ತಪ್ಪುತ್ತದೆ. ಕರ್ನಲ್ ಹೇಳಿದ್ದನ್ನೇ ಲೈಬ್ರರಿ ಹೇಳುತ್ತದೆ, ಹಾಗಾಗಿ ಕೋಟಾ ಆಫ್ ಮಾಡಿ, ಬಳಕೆಯನ್ನು ಮತ್ತೆ ಎಣಿಸುವ ಕ್ವೋಟಾಚೆಕ್ ಓಡಿಸಲೇಬೇಕು. ಕಳೆದ ಮಳೆಗಾಲದಲ್ಲಿ ಇದೇ ಕೆಲಸ ಜಾಸ್ತಿ ಆಯಿತು. ಅದಕ್ಕೆ ಲಿನಕ್ಸ್ ಸರ್ವರಿನ ಡಿಸ್ಕನ್ನು ಅನ್‌ಮೌಂಟ್ ಮಾಡಿ (ಬಳಕೆಯಿಂದ ಬಿಡಿಸಿ), ಟ್ಯೂನ್‌ಟುಎಫ್‌ಎಸ್ ಎಂಬ ಕಮಾಂಡಿನಿಂದ ಅದರ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನ ಒಳಗಿನ ಕೋಟಾ ಆನ್ ಮಾಡಿದೆ. ಈಗ ಲೆಕ್ಕವೂ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಜೊತೆಗೇ ಉಳಿಯುತ್ತದೆ.

ಲಾಗಿನ್ ಆದಾಗ ಒಂದು ಸಾಲು ಕನ್ನಡದಲ್ಲಿ ಕಾಣುವ ಹಾಗೆ ಮಾಡಿದ್ದೇನೆ: ಎಷ್ಟು ಬಳಸಿದ್ದೀರಿ, ಎಷ್ಟು ಉಳಿದಿದೆ, ಗಡುವು ಎಷ್ಟು ದಿನ. ಯಕ್ಷಗಾನದ ಹುಡುಗ ಅದನ್ನು ನೋಡಿ ಪೆನ್‌ಡ್ರೈವ್ ತಂದು ವಿಡಿಯೋಗಳನ್ನು ತೆಗೆದುಕೊಂಡು ಹೋದ.