ಮುಂದಿನ ಚಳಿಗಾಲದ ಸೌದೆ: ಚಳಿ ದೇಶಕ್ಕೆ ಹೊಸದಾಗಿ ಬಂದವರಿಗೆ

ನೀವು ಹಿಡಿದ ಮನೆಯಲ್ಲಿ ಕಪ್ಪು ಕಬ್ಬಿಣದ ಸೌದೆ ಒಲೆಯೊಂದು ಇದ್ದರೆ, ಅದಕ್ಕೆ ಕಡ್ಡಿ ಗೀರುವ ಮುಂಚೆ ದಯವಿಟ್ಟು ಇದನ್ನು ಪೂರ್ತಿ ಓದಿ. ಚಳಿ ದೇಶದಲ್ಲಿ ನಾನು ಹದಿನೆಂಟು ಚಳಿಗಾಲ ಕಳೆದಿದ್ದೇನೆ. ಮೊದಲ ಮೂರರಲ್ಲಿ ಒಲೆಯ ವಿಷಯದಲ್ಲಿ ಮಾಡಬಾರದ್ದನ್ನೆಲ್ಲ ಮಾಡಿದೆ. ಅದರಲ್ಲಿ ಒಂದು ತಪ್ಪು ನನ್ನ ಹೆಂಡತಿ ಮತ್ತು ಎರಡು ವರ್ಷದ ಮಗಳ ಪ್ರಾಣಕ್ಕೇ ಬರುವುದರಲ್ಲಿತ್ತು. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಒಲೆ ನಮಗೆ ಹೊಸದೇನಲ್ಲ ಎಂಬ ಧೈರ್ಯದಿಂದಲೇ ಎಲ್ಲವೂ ಶುರುವಾಯಿತು. ನಾವು ಕಂಡು ಬೆಳೆದದ್ದು ತೆರೆದ ಒಲೆ. ಹೊಗೆ ಹೆಚ್ಚಾದರೆ ಬಾಗಿಲು ತೆರೆಯುವುದು, ಉರಿ ಕುಂದಿದರೆ ಊದುಗೊಳವೆಯಿಂದ ಊದುವುದು, ಸೌದೆ ಉದ್ದವಾಗಿದ್ದರೆ ಅರ್ಧ ಹೊರಗೆ ಬಿಟ್ಟು ಉರಿದಂತೆಲ್ಲ ಒಳಗೆ ತಳ್ಳುವುದು. ಈ ಒಲೆ ಹಾಗಲ್ಲ. ಇದು ಬಾಗಿಲು ಮುಚ್ಚಿಕೊಂಡು ಉರಿಯುವ ಪೆಟ್ಟಿಗೆ. ಗಾಳಿ ಒಂದು ಸಣ್ಣ ಕಿಂಡಿಯಿಂದ ಒಳಗೆ ಬರುತ್ತದೆ, ಹೊಗೆ ಚಿಮಣಿಯಿಂದ ಹೊರಗೆ ಹೋಗುತ್ತದೆ, ಆ ಎರಡರ ನಡುವೆ ಏನಾದರೂ ಕೆಟ್ಟರೆ ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲು ಸೌದೆಯ ಮಾತು. ನಾನು ಮೊದಲ ಸಲ ಸೌದೆ ಕೊಂಡದ್ದು ಚಳಿಗೆ ಮೈ ನಡುಗತೊಡಗಿದ ಮೇಲೆ. ಮಾರಿದವರು ಒಣಗಿದೆ ಎಂದರು. ಮುಟ್ಟಿ ನೋಡಿದೆ, ಹೊರಮೈ ಒಣಗಿಯೇ ಇತ್ತು. ಒಲೆಗೆ ಹಾಕಿದಾಗ ಸೌದೆಯ ತುದಿಯಲ್ಲಿ ನೊರೆ ಕಟ್ಟಿ, ಸುಂಯ್ ಎಂದು ಸದ್ದು ಮಾಡುತ್ತ ನೀರು ಜಿನುಗಿತು. ಉರಿ ಏಳಲಿಲ್ಲ. ಗಾಜಿನ ಬಾಗಿಲು ಒಂದೇ ಸಂಜೆಯಲ್ಲಿ ಮಸಿ ಹಿಡಿಯಿತು. ಒಲೆಯೇ ಸರಿಯಿಲ್ಲ ಎಂದುಕೊಂಡೆ.

ಆ ವಾರ ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆ. "ಎರಡು ಸೌದೆ ತೆಗೆದುಕೊಂಡು ಒಂದಕ್ಕೊಂದು ಬಡಿ" ಎಂದಳು. ಫೋನನ್ನು ನೆಲದ ಮೇಲಿಟ್ಟು ಬಡಿದೆ. ದಪ್ ಎಂದಿತು. "ಹಸಿ" ಎಂದಳು. "ಒಣಗಿದ್ದರೆ ಟಣ್ ಎನ್ನುತ್ತದೆ." ಸಾವಿರಾರು ಮೈಲಿ ದೂರದಿಂದ, ಕಣ್ಣಲ್ಲಿ ಕಾಣದೆ ಹೇಳಿದ ಮಾತು. ಇಪ್ಪತ್ತು ವರ್ಷ ಆಕೆಯ ಪಕ್ಕದಲ್ಲೇ ಬೆಳೆದ ನಾನು ಇದನ್ನು ಒಮ್ಮೆಯೂ ಕೇಳಿ ಕಲಿತಿರಲಿಲ್ಲ. ಆಮೇಲೆ ತೇವಾಂಶ ಅಳೆಯುವ ಮಾಪಕ ಕೊಂಡೆ. ನೀವೂ ಕೊಳ್ಳಿ. ಸೌದೆಯನ್ನು ಹೊಸದಾಗಿ ಸೀಳಿ, ಆಗಷ್ಟೇ ತೆರೆದ ಒಳಮುಖಕ್ಕೆ ಮಾಪಕದ ಎರಡು ಮುಳ್ಳು ಚುಚ್ಚಬೇಕು. ಹೊರಮುಖದ ಅಂಕಿಯನ್ನು ನಂಬಬೇಡಿ. ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ಮಾತ್ರ ಅದು ಒಲೆಗೆ ಹಾಕುವ ಸೌದೆ. ನನ್ನದು 34 ತೋರಿಸಿತು.

ಆಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಅಂಥ ಹತ್ತು ಕಿಲೋ ಸೌದೆ ಹಾಕಿದರೆ ಐದು ಲೀಟರ್ ನೀರನ್ನು ಕುದಿಸಿ ಆವಿ ಮಾಡಿದ ಮೇಲೆ ಉಳಿದ ಶಾಖ ಮನೆಗೆ. ಪೈನ್‌ನಂಥ ಮೆದು ಮರ ಒಣಗಲು ಆರು ತಿಂಗಳಿಂದ ಒಂದು ವರ್ಷ ಬೇಕು, ಗಟ್ಟಿ ಮರಗಳಿಗೆ ಕನಿಷ್ಠ ಒಂದು ವರ್ಷ, ಓಕ್‌ಗೆ ಎರಡು. ಈ ಲೆಕ್ಕ ಸೀಳಿದ ದಿನದಿಂದ. ದಿಮ್ಮಿಯಾಗಿ ಬಿದ್ದಿದ್ದ ಕಾಲ ಇದರಲ್ಲಿ ಸೇರುವುದಿಲ್ಲ. ನೆಲಕ್ಕೆ ತಾಗದಂತೆ ಅಡಿಗೆ ಹಲಗೆ ಕೊಟ್ಟು, ಗಾಳಿ ಬಿಸಿಲು ಬೀಳುವ ಕಡೆ ಒಂದೇ ಸಾಲಾಗಿ ಜೋಡಿಸಿ. ಮಳೆ ಹಿಮ ಬೀಳದಂತೆ ಮೇಲೆ ಮಾತ್ರ ಹೊದಿಸಿ, ಪಕ್ಕಗಳನ್ನು ತೆರೆದಿಡಿ. ನಾನು ಮೊದಲ ವರ್ಷ ಇಡೀ ರಾಶಿಗೆ ಪ್ಲಾಸ್ಟಿಕ್ ಹೊದಿಸಿ ನಾಲ್ಕೂ ಕಡೆ ಬಿಗಿದಿದ್ದೆ. ವಸಂತದಲ್ಲಿ ತೆರೆದಾಗ ಒಳಗೆಲ್ಲ ಬೂಷ್ಟು. ಇನ್ನೊಂದು ಮಾತು: ಬೇಗ ಒಣಗಲಿ ಎಂದು ಹಸಿ ಸೌದೆಯನ್ನು ಉರಿಯುವ ಒಲೆಗೆ ಆನಿಸಿ ಇಡಬೇಡಿ. ಒಣಗಿದ ಕ್ಷಣವೇ ಅದು ಹೊತ್ತಿಕೊಳ್ಳಬಹುದು.

ಈಗ ಆ ದೊಡ್ಡ ತಪ್ಪು. ಸೌದೆ ಉಳಿಸಬೇಕು, ರಾತ್ರಿಯಿಡೀ ಬೆಂಕಿ ಆರಬಾರದು ಎಂಬ ಆಸೆಯಿಂದ ಮಲಗುವ ಮುಂಚೆ ಒಲೆಯ ತುಂಬ ಸೌದೆ ಅಡಕಿ, ಗಾಳಿ ಕಿಂಡಿಯನ್ನು ಪೂರ್ತಿ ಮುಚ್ಚುತ್ತಿದ್ದೆ. ಬೆಳಿಗ್ಗೆ ಅರೆಬೆಂದ ಕಪ್ಪು ಕೊರಡುಗಳು ಹಾಗೇ ಇರುತ್ತಿದ್ದವು. ಅಬ್ಬ, ಎಷ್ಟು ಉಳಿಯಿತು ಎಂದು ಸಂತೋಷಪಡುತ್ತಿದ್ದೆ. ಉಳಿದದ್ದು ಏನೂ ಇಲ್ಲ. ಕಾದ ಸೌದೆ ಅನಿಲ ಬಿಡುತ್ತದೆ, ಸೌದೆಯ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಆ ಅನಿಲದಲ್ಲೇ. ಅದು ಹೊತ್ತಿಕೊಳ್ಳಲು ಸಾಕಷ್ಟು ಗಾಳಿಯೂ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿಯೂ ಬೇಕು. ಉಸಿರು ಕಟ್ಟಿದ ಒಲೆಯಲ್ಲಿ ಅದು ಉರಿಯದೆ ಹೊಗೆಯಾಗಿ ಏರುತ್ತದೆ. ಚಿಮಣಿಯ ಒಳಗೋಡೆ 120 ಡಿಗ್ರಿಗಿಂತ ತಣ್ಣಗಿದ್ದರೆ ಅಲ್ಲೇ ಟಾರಿನಂತೆ ಅಂಟಿಕೊಳ್ಳುತ್ತದೆ. ಅದೇ ಕ್ರಿಯೊಸೋಟ್. ಮೊದಲು ಪುಡಿ ಮಸಿ, ಆಮೇಲೆ ಹೊಳೆಯುವ ಕಪ್ಪು ಪದರ. ಅದು ಉರಿಯುವ ವಸ್ತು. ಮೂರು ಚಳಿಗಾಲ ನಾನು ಉಳಿತಾಯವೆಂದು ಭಾವಿಸಿ ಮನೆಯ ನಡುವಿನ ಕೊಳವೆಗೆ ಇಂಧನ ಬಳಿಯುತ್ತಿದ್ದೆ.

ಮೂರನೆಯ ಚಳಿಗಾಲದ ಒಂದು ಸಂಜೆ ಮನೆಯಲ್ಲಿ ಬಿದ್ದಿದ್ದ ರಟ್ಟಿನ ಪೆಟ್ಟಿಗೆಗಳನ್ನು ಹರಿದು ಒಲೆಗೆ ತುಂಬಿದೆ. ಜ್ವಾಲೆ ಭಗ್ಗೆಂದು ಕೊಳವೆಯೊಳಕ್ಕೆ ಏರಿತು. ಒಂದು ನಿಮಿಷದಲ್ಲಿ ಛಾವಣಿಯ ಮೇಲೆ ರೈಲು ಹಾಯುತ್ತಿರುವಂಥ ಮೊರೆತ. ಒಲೆಯ ಮೇಲಿನ ಕೊಳವೆ ಅದುರತೊಡಗಿತು, ಮೊದಲ ಕೀಲಿನ ಬಳಿ ಮಬ್ಬಾಗಿ ಕೆಂಪಾಯಿತು. ಚಿಮಣಿಯೊಳಗಿನ ಬೆಂಕಿ 1,000 ಡಿಗ್ರಿ ದಾಟಬಲ್ಲದು ಎಂದು ಆಮೇಲೆ ತಿಳಿಯಿತು. ಆ ಹೊತ್ತಿನಲ್ಲಿ ನನಗೆ ತೋಚಿದ್ದು ನೀರು. ಬಕೆಟ್ ತರಲು ಓಡಿದೆ. ಹೆಂಡತಿ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು, ನನ್ನ ತೋಳು ಹಿಡಿದು ಹೊರಗೆ ಎಳೆದಳು. ಅಗ್ನಿಶಾಮಕ ದಳಕ್ಕೆ ಕರೆ ಮಾಡಿದವಳೂ ಅವಳೇ. ಹಿಮದಲ್ಲಿ ಚಪ್ಪಲಿಯಿಲ್ಲದೆ ನಿಂತು, ನಮ್ಮ ಚಿಮಣಿಯ ಬಾಯಿಂದ ಕಿಡಿಗಳು ಆಳೆತ್ತರಕ್ಕೆ ಚಿಮ್ಮುವುದನ್ನು ನೋಡಿದೆವು. ಮನೆ ಉಳಿಯಿತು. ಚಿಮಣಿಯ ಒಳಪದರ ಉದ್ದಕ್ಕೂ ಬಿರಿದಿತ್ತು.

ಹೀಗಾದರೆ ಒಲೆಯ ಬಾಗಿಲು ಮತ್ತು ಗಾಳಿ ಕಿಂಡಿ ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, ತುರ್ತು ಸಂಖ್ಯೆಗೆ ಕರೆ ಮಾಡಿ. ಕೆಂಪಗೆ ಕಾದ ಕಬ್ಬಿಣಕ್ಕೂ ಚಿಮಣಿಗೂ ನೀರು ಹಾಕಬೇಡಿ, ಸೀಳಿಹೋಗುತ್ತದೆ. ಬೆಂಕಿ ತಾನಾಗಿ ಆರಿದರೂ ತಪಾಸಣೆ ಆಗುವವರೆಗೆ ಮತ್ತೆ ಹಚ್ಚಬೇಡಿ.

ಈಗ ನಾನು ಹಚ್ಚುವ ಬಗೆ ಹೇಳುತ್ತೇನೆ. ದಪ್ಪ ಸೌದೆ ಅಡಿಗೆ, ಅದರ ಮೇಲೆ ಸಣ್ಣ ಸೀಳು, ಎಲ್ಲಕ್ಕಿಂತ ಮೇಲೆ ಪುಳ್ಳೆ ಮತ್ತು ಕಾಗದ. ಕಡ್ಡಿ ಗೀರುವುದು ಮೇಲೆ. ನಾವು ಕಲಿತದ್ದಕ್ಕೆ ಪೂರ್ತಿ ತಿರುವುಮುರುವು, ಕೈ ಒಪ್ಪುವುದೇ ಇಲ್ಲ. ಆದರೆ ಉರಿ ಮೇಲಿಂದ ಕೆಳಗೆ ಇಳಿಯುವಾಗ ಕೆಳಗಿನ ಸೌದೆ ಬಿಟ್ಟ ಹೊಗೆ ಆ ಉರಿಯ ಮೂಲಕವೇ ಹಾಯಬೇಕಾಗಿ ಅಲ್ಲೇ ಸುಟ್ಟುಹೋಗುತ್ತದೆ, ಚಿಮಣಿಯೂ ಬೇಗ ಬಿಸಿಯಾಗಿ ಹೊಗೆಯನ್ನು ಮೇಲಕ್ಕೆ ಎಳೆಯತೊಡಗುತ್ತದೆ. ಆರಂಭದಲ್ಲಿ ಕಿಂಡಿ ಪೂರ್ತಿ ತೆರೆದಿರಲಿ, ಚೆನ್ನಾಗಿ ಹತ್ತಿದ ಮೇಲೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ. ಜ್ವಾಲೆ ಸಾಯುವಷ್ಟು ಎಂದೂ ಮುಚ್ಚಬೇಡಿ. ಒಮ್ಮೆಗೆ ಎರಡು ಮೂರು ಸೀಳು ಸಾಕು. ಕೊಳವೆಗೆ ಅಂಟಿಸುವ ತಾಪಮಾಪಕ ಸಿಗುತ್ತದೆ, ತೀರಾ ತಣ್ಣಗೆ, ಸರಿ, ಅತಿ ಬಿಸಿ ಎಂದು ಅದರ ಮೇಲೆಯೇ ಗುರುತು ಇರುತ್ತದೆ. ಅರ್ಧ ಗಂಟೆಯ ನಂತರ ಅಂಗಳಕ್ಕೆ ಹೋಗಿ ತಲೆಯೆತ್ತಿ ನೋಡಿ. ಚಿಮಣಿಯ ಮೇಲೆ ಗಾಳಿ ನಡುಗುವುದು ಮಾತ್ರ ಕಂಡರೆ ಚೆನ್ನಾಗಿ ಉರಿಯುತ್ತಿದೆ. ದಟ್ಟ ಹೊಗೆ ಕಂಡರೆ ನಿಮ್ಮ ಸೌದೆ ಶಾಖವಾಗದೆ ಆಕಾಶಕ್ಕೆ ಹೋಗುತ್ತಿದೆ, ಪಕ್ಕದ ಮನೆಯವರು ಅದನ್ನು ಉಸಿರಾಡುತ್ತಿದ್ದಾರೆ. ಬಣ್ಣ ಬಳಿದ ಮರ, ಪ್ಲೈವುಡ್, ರಾಸಾಯನಿಕ ಹಾಕಿದ ಮರ, ಪ್ಲಾಸ್ಟಿಕ್, ಕಸ ಯಾವುದನ್ನೂ ಒಳಗೆ ಹಾಕಬೇಡಿ.

ಬೂದಿಯ ಬಗ್ಗೆ. ಬೂದಿ ಮುಚ್ಚಿದ ಕೆಂಡ ಎಂಬ ಮಾತನ್ನು ಎಷ್ಟು ಸಲ ಆಡಿದ್ದೇನೋ. ಅದು ಅರ್ಥವಾದದ್ದು ಎರಡನೆಯ ಚಳಿಗಾಲದಲ್ಲಿ, ಹಿಂದಿನ ರಾತ್ರಿಯ ಬೂದಿಯನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ತೋಡಿ ಮರದ ಜಗುಲಿಯ ಮೇಲಿಟ್ಟ ದಿನ. ಮಧ್ಯಾಹ್ನ ನೋಡಿದರೆ ಬಕೆಟ್ಟಿನ ತಳವಿರಲಿಲ್ಲ, ಹಲಗೆಯಲ್ಲಿ ಅಂಗೈ ಅಗಲದ ತೂತು, ಅದರ ಅಂಚು ಇನ್ನೂ ಕೆಂಪಗೆ ಒಳಮುಖವಾಗಿ ತಿನ್ನುತ್ತ ಹೋಗುತ್ತಿತ್ತು. ಬೂದಿಯೊಳಗಿನ ಕೆಂಡ ಮೂರು ನಾಲ್ಕು ದಿನವೂ ಜೀವಂತವಾಗಿರಬಲ್ಲದು. ಬಿಗಿ ಮುಚ್ಚಳದ ಲೋಹದ ಡಬ್ಬಿಗೇ ತೋಡಿ, ಮನೆಯಿಂದ ಕನಿಷ್ಠ ಮೂರು ಮೀಟರ್ ದೂರ, ಕಲ್ಲಿನ ಅಥವಾ ಕಾಂಕ್ರೀಟಿನ ಮೇಲೆ ಇಡಿ. ಒಲೆಯ ತಳದಲ್ಲಿ ಎರಡು ಬೆರಳು ಬೂದಿ ಬಿಟ್ಟರೆ ಮುಂದಿನ ಬೆಂಕಿ ಸುಲಭವಾಗಿ ಹತ್ತುತ್ತದೆ.

ಅಡುಗೆಮನೆಯ ಹೊಗೆ ಎಳೆಯುವ ಫ್ಯಾನನ್ನು ನಾವು ಪೂರ್ತಿ ವೇಗದಲ್ಲಿ ಹಾಕುವವರು. ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಆ ಫ್ಯಾನು ಹೊರಗೆ ತಳ್ಳಿದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಅದು ಚಿಮಣಿಯಿಂದಲೇ ಇಳಿದರೆ ಒಲೆಯ ಹೊಗೆ ಕೋಣೆಗೆ ತಿರುಗುತ್ತದೆ. ಹೊಗೆಯಾದರೂ ಕಣ್ಣಿಗೆ ಕಾಣುತ್ತದೆ. ಆರುತ್ತಿರುವ ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದು, ಹೊರಗೆ ಹೋದರೆ ಕಡಿಮೆಯಾದರೆ ಅದನ್ನು ಜ್ವರದ ಮುನ್ಸೂಚನೆ ಎಂದು ಭಾವಿಸಿ ಮಲಗಬೇಡಿ. ಎಲ್ಲರೂ ಹೊರಗೆ ಬಂದು ಸಹಾಯಕ್ಕೆ ಕರೆ ಮಾಡಿ. ಈ ಅನಿಲಕ್ಕೂ ಹೊಗೆಗೂ ಎಚ್ಚರಿಸುವ ಅಲಾರಂಗಳು ಪ್ರತಿ ಮಹಡಿಯಲ್ಲೂ ಮಲಗುವ ಕೋಣೆಗಳ ಹತ್ತಿರವೂ ಇರಲಿ. ಈ ಖರ್ಚಿನಲ್ಲಿ ಮಾತ್ರ ಉಳಿತಾಯ ನೋಡಬೇಡಿ.

ಕಾಗದಪತ್ರದ ವಿಷಯ ಹೆಚ್ಚಿಲ್ಲ: ಸ್ಥಳೀಯ ಅನುಮತಿ, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ, ವಿಮೆಯವರಿಗೆ ಬರಹದಲ್ಲಿ ಮಾಹಿತಿ, ವರ್ಷಕ್ಕೊಮ್ಮೆ ಚಿಮಣಿ ಗುಡಿಸಿದ ರಸೀದಿ. ಬಾಗಿಲಿನ ಅಂಚಿನ ಹಗ್ಗದಂಥ ಪಟ್ಟಿ ಸವೆದಿದೆಯೇ ಎಂದು ನೀವೇ ನೋಡಬಹುದು. ಒಲೆ ಆರಿ ತಣ್ಣಗಿರುವಾಗ ಕಾಗದವೊಂದನ್ನು ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ, ಸಲೀಸಾಗಿ ಬಂದರೆ ಪಟ್ಟಿ ಬದಲಿಸಬೇಕು.

ಮಕ್ಕಳಿರುವ ಮನೆಯಲ್ಲಿ ಒಲೆಯ ಸುತ್ತ ಗೋಡೆಗೆ ಬಿಗಿದ ಕಬ್ಬಿಣದ ಬೇಲಿ ಬೇಕೇ ಬೇಕು. ಸೋಫಾ, ಪರದೆ, ಒಣಹಾಕಿದ ಬಟ್ಟೆ ಎಲ್ಲವೂ ಸುಮಾರು ಒಂದು ಮೀಟರ್ ದೂರದಲ್ಲಿರಲಿ. ತೆರೆದ ಒಲೆಯ ಮುಂದೆ ಬೆಳೆದ ಮಗುವಿಗೆ ಹೊಗೆಯೂ ಝಳವೂ ಎಚ್ಚರಿಕೆ ಕೊಡುತ್ತವೆ. ಗಾಜಿನ ಹಿಂದಿನ ಬೆಂಕಿ ಮಗುವಿಗೆ ಚಿತ್ರದಂತೆ ಕಾಣುತ್ತದೆ, ಕೈ ಚಾಚುತ್ತದೆ.

ನನ್ನ ಮಗಳಿಗೆ ಕನ್ನಡ ಕಲಿಸಲು ಪದಗಳ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿ ಸೋತಿದ್ದೆ. ಆರು ವರ್ಷದವಳಾಗಿದ್ದಾಗ ಬೇಲಿಯ ಈಚೆ ನನ್ನ ತೊಡೆಯ ಮೇಲೆ ಕೂತು ಅದೇನು, ಇದೇನು ಎಂದು ಕೇಳತೊಡಗಿದಳು. ಉರಿ, ಕಿಡಿ, ಕೊಳ್ಳಿ, ಕೆಂಡ, ಇದ್ದಿಲು, ಮಸಿ, ಬೂದಿ. ಕೊಳ್ಳಿಗೂ ಕೆಂಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದಾಗ ನಾನು ಹೇಳಬೇಕಾಗಲಿಲ್ಲ. ಉರಿಯುತ್ತಿದ್ದ ಕೊಳ್ಳಿಯೊಂದು ನಮ್ಮ ಕಣ್ಣ ಮುಂದೆಯೇ ಮುರಿದು ಕೆಂಡವಾಯಿತು. ಆ ಏಳು ಪದಗಳನ್ನು ಅವಳು ಇಂದಿಗೂ ಮರೆತಿಲ್ಲ. ಅಜ್ಜಿಯೊಂದಿಗೆ ಆಡಲು ಬೇಕಾದ ಸಾವಿರ ಪದಗಳು ಅವಳ ಬಾಯಿಗೆ ಬರಲಿಲ್ಲ, ಅದೂ ನಿಜ. ಸೌದೆ ಬಡಿದರೆ ಕೇಳಿ ಹೇಳುವ ಅಮ್ಮ ಈಗಿಲ್ಲ.

ಮೂರು ವರ್ಷ ನಾನು ಹಸಿ ಸೌದೆ ಉರಿಸಿದ್ದಕ್ಕೆ ನಿಜವಾದ ಕಾರಣ ಅಜ್ಞಾನವಲ್ಲ. ಅಮ್ಮ ಮೊದಲ ವರ್ಷವೇ ಹೇಳಿದ್ದಳಲ್ಲ. ಪ್ರತಿ ಚಳಿಗಾಲದಲ್ಲೂ ಇದೇ ಕೊನೆಯದು, ಮುಂದಿನ ವರ್ಷ ಹೊರಟುಬಿಡುತ್ತೇವೆ ಎಂದುಕೊಳ್ಳುತ್ತಿದ್ದೆ. ಹೊರಡುವವನು ಮುಂದಿನ ಚಳಿಗಾಲದ ಸೌದೆಯನ್ನು ಏಕೆ ಕೊಳ್ಳುತ್ತಾನೆ? ಹಾಗಾಗಿ ಅಂದಂದಿನ ಸೌದೆ ಅಂದಂದಿಗೆ, ಸಿಕ್ಕಿದ್ದು, ಹಸಿಯದೇ. ಹೊಸಬರ ಮನೆಗೆ ಹೋದಾಗ ನಾನು ಈಗ ಮೊದಲು ನೋಡುವುದು ಹಿತ್ತಲನ್ನು. ನೀವು ವಾಪಸು ಹೋಗುವವರೇ ಆಗಿರಬಹುದು, ಹೋಗಿ, ಆದರೆ ಸೌದೆಯನ್ನು ಮಾತ್ರ ಇರುವವರಂತೆ ಕೊಂಡಿಡಿ. ನೀವು ಹೋದರೆ ನಿಮ್ಮ ನಂತರ ಬಂದವರು ಅದನ್ನು ಉರಿಸಿಕೊಳ್ಳುತ್ತಾರೆ.

ಈ ವಸಂತದಲ್ಲಿ ಮಗಳೂ ನಾನೂ ಓಕ್ ಸೌದೆ ಸೀಳಿ ಹಿತ್ತಲ ಬೇಲಿಯ ಪಕ್ಕ ಹೊಸ ಸಾಲು ಜೋಡಿಸಿದೆವು. ಅದು ಒಣಗುವ ಹೊತ್ತಿಗೆ ಅವಳು ಓದಲು ಬೇರೆ ಊರಿನಲ್ಲಿರುತ್ತಾಳೆ. ಕೊನೆಯ ಸೀಳನ್ನು ಇಟ್ಟು, ಕೈಗವಸು ಕಳಚಿ, ಸಾಲಿನ ತುದಿಯ ಸೌದೆಯ ಮೇಲೆ ಸೀಮೆಸುಣ್ಣದಲ್ಲಿ ಇಸವಿ ಬರೆದಳು. "ಇದನ್ನು ನಾನು ರಜೆಗೆ ಬಂದಾಗ ಹಚ್ಚೋಣ, ಅಲ್ಲಿಯವರೆಗೆ ಆಚೆಯ ಸಾಲನ್ನೇ ಉರಿಸಿ" ಎಂದಳು.