ನಿಮ್ಮ ಇಎಸ್‌ಪಿ32 ಬೋರ್ಡ್ ಎಷ್ಟು ಕರೆಂಟ್ ಎಳೆಯುತ್ತದೆ? ಅಳೆಯುವುದು ಹೀಗೆ

ತೋಟದಲ್ಲಿ ಮಣ್ಣಿನ ತೇವ ನೋಡಲು ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಟ್ರೋಲರ್ ಚಿಪ್) ಬೋರ್ಡ್ ಇಡಬೇಕು, ಬ್ಯಾಟರಿ ತಿಂಗಳುಗಟ್ಟಲೆ ಬರಬೇಕು, ಅಲ್ವಾ? ಡೇಟಾಶೀಟ್‌ನಲ್ಲಿ ಡೀಪ್ ಸ್ಲೀಪ್‌ಗೆ, ಅಂದರೆ ಚಿಪ್ ಬಹುತೇಕ ಎಲ್ಲವನ್ನೂ ಆಫ್ ಮಾಡಿ ನಿದ್ದೆ ಮಾಡುವಾಗ, 10 ಮೈಕ್ರೋ ಆಂಪ್ ಅಂತಿದೆ. ಅದು ಚಿಪ್‌ನ ಲೆಕ್ಕ, ಬೋರ್ಡಿನದ್ದಲ್ಲ. ಬೋರ್ಡಿನಲ್ಲಿ ಸದಾ ಉರಿಯುವ ಎಲ್‌ಇಡಿ ಇರುತ್ತದೆ, ಯುಎಸ್‌ಬಿ ಚಿಪ್ ಇರುತ್ತದೆ, ಅಗ್ಗದ ಬೋರ್ಡುಗಳಲ್ಲಿ ಹೆಚ್ಚಾಗಿ ಕಾಣುವ ಎಎಂಎಸ್1117 ರೆಗ್ಯುಲೇಟರ್ (ಚಿಪ್‌ಗೆ ಬೇಕಾದ ವೋಲ್ಟೇಜಿಗೆ ಇಳಿಸಿ ಕೊಡುವ ಭಾಗ) ಒಂದೇ ಸುಮ್ನೆ ಕೂತು 5 ಮಿಲಿ ಆಂಪ್‌ನಷ್ಟು ತಿನ್ನುತ್ತದೆ. ನಿಮ್ಮ ಬೋರ್ಡನ್ನು ನೀವೇ ಅಳೆಯಬೇಕು.

ಮೊದಲು ಯುಎಸ್‌ಬಿ ಕೇಬಲ್, ಸೀರಿಯಲ್ ಅಡಾಪ್ಟರ್ ಎರಡನ್ನೂ ಕಿತ್ತುಬಿಡಿ. ಅಲ್ಲಿಂದಲೂ ಕರೆಂಟ್ ನುಸುಳಿ ರೀಡಿಂಗ್ ಕೆಡುತ್ತದೆ. ಬ್ಯಾಟರಿಯ ಪ್ಲಸ್ ವೈರ್ ಬಿಡಿಸಿ, ಮಧ್ಯೆ ಮಲ್ಟಿಮೀಟರನ್ನು ಸೀರೀಸ್‌ನಲ್ಲಿ ಹಾಕಿ, ಅಂದರೆ ಕರೆಂಟ್ ಮೀಟರ್ ಮೂಲಕವೇ ಬೋರ್ಡಿಗೆ ಹೋಗಬೇಕು. ಕರೆಂಟ್ ರೇಂಜಿನಲ್ಲಿರುವ ಮೀಟರನ್ನು ಬ್ಯಾಟರಿಯ ಎರಡೂ ತುದಿಗೆ ನೇರವಾಗಿ ಹಿಡಿಯಬೇಡಿ, ಫ್ಯೂಸ್ ಹೋಗುತ್ತದೆ.

ಮಿಲಿ ಆಂಪ್ ರೇಂಜಿನಿಂದ ಶುರು ಮಾಡಿ, ತೀರಾ ಕಡಿಮೆ ತೋರಿಸಿದರೆ ಮಾತ್ರ ಮೈಕ್ರೋಗೆ ಇಳಿಯಿರಿ. ತೊಡಕಿರುವುದು ಇಲ್ಲೇ. ಮೈಕ್ರೋ ರೇಂಜಿನಲ್ಲಿ ಮೀಟರ್ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ, ಹಾಗಾಗಿ ಬೋರ್ಡ್ ಎದ್ದು ವೈಫೈಗಾಗಿ 240 ಮಿಲಿ ಆಂಪ್‌ವರೆಗೂ ಎಳೆಯಲು ಹೋದ ಕೂಡಲೇ ವೋಲ್ಟೇಜ್ ಕುಸಿದು ರೀಸೆಟ್ ಆಗುತ್ತದೆ, ಮತ್ತೆ ಏಳುತ್ತದೆ, ಮತ್ತೆ ರೀಸೆಟ್. ಅದಕ್ಕೇ ಮೀಟರಿನ ಎರಡು ತುದಿಗೆ ಅಡ್ಡಲಾಗಿ ಒಂದು ಸ್ವಿಚ್ ಹಾಕಿ. ಆನ್ ಇಟ್ಟು ಬೂಟ್ ಆಗಲು ಬಿಡಿ, ನಿದ್ದೆಗೆ ಹೋದ ಮೇಲೆ ಆಫ್ ಮಾಡಿ ರೀಡಿಂಗ್ ನೋಡಿ, ಏಳುವ ಮೊದಲು ಮತ್ತೆ ಆನ್.

ಎಚ್ಚರವಿದ್ದಾಗಿನ ಬಳಕೆ ಮಲ್ಟಿಮೀಟರಿಗೆ ಸಿಗುವುದಿಲ್ಲ, ಅಷ್ಟು ಬೇಗ ಏರಿಳಿಯುತ್ತದೆ. ಮೈನಸ್ ವೈರಿನಲ್ಲಿ 1 ಓಮ್ ರೆಸಿಸ್ಟರ್ ಇಟ್ಟು ಆಸಿಲೋಸ್ಕೋಪಿನಲ್ಲಿ ನೋಡಿ. 1 ಮಿಲಿ ವೋಲ್ಟ್ ಅಂದರೆ 1 ಮಿಲಿ ಆಂಪ್. ನಾರ್ಡಿಕ್ ಕಂಪನಿಯ ಕರೆಂಟ್ ಅಳೆಯುವ ಸಾಧನ ಪಿಪಿಕೆ2 ನಿಮ್ಮಲ್ಲಿದ್ದರೆ ಇದ್ಯಾವುದೂ ಬೇಡ, 200 ನ್ಯಾನೋ ಆಂಪಿನಿಂದ 1 ಆಂಪ್ ತನಕ ಅದೇ ಅಳೆಯುತ್ತದೆ.

ಈಗ ಲೆಕ್ಕ. 15 ನಿಮಿಷಕ್ಕೊಮ್ಮೆ ಎದ್ದು, 2 ಸೆಕೆಂಡು ಸರಾಸರಿ 120 ಮಿಲಿ ಆಂಪ್ ಎಳೆದರೆ, 900 ಸೆಕೆಂಡಿಗೆ ಹಂಚಿದಾಗ 0.27 ಮಿಲಿ ಆಂಪ್. ನಿದ್ದೆಯಲ್ಲಿ 10 ಮೈಕ್ರೋ ಆಂಪ್ ಮಾತ್ರ ಇದ್ದರೆ 2000 ಎಂಎಎಚ್ ಬ್ಯಾಟರಿ ಸುಮಾರು 300 ದಿನ ಬರುತ್ತದೆ. ಅದೇ ನಿದ್ದೆ 6 ಮಿಲಿ ಆಂಪ್ ತಿಂದರೆ? 13 ದಿನ!

ಹಾಗೇನಾದರೂ ಬಂದರೆ ಎಲ್‌ಇಡಿ ತೆಗೆಯಿರಿ, ರೆಗ್ಯುಲೇಟರ್ ಬದಲಿಸಿ. ಎಂಸಿಪಿ1700 ಎಂಬ ರೆಗ್ಯುಲೇಟರ್ ತಾನು ತಿನ್ನುವುದು 1.6 ಮೈಕ್ರೋ ಆಂಪ್ ಅಷ್ಟೇ, ಆದರೆ ಕೊಡುವುದು 250 ಮಿಲಿ ಆಂಪ್. ವೈಫೈಗೆ ಅದು ತೀರಾ ಅಂಚಿನಲ್ಲಿದೆ. 500 ಮಿಲಿ ಆಂಪ್ ಕೊಡುವಂಥದ್ದನ್ನೇ ಹಾಕಿ, ಆಮೇಲೆ ಇನ್ನೊಮ್ಮೆ ಅಳೆಯಿರಿ.